ಚೆನ್ನಾಗಿದ್ದ ಟರ್ಬೊ ಎಂಜಿನ್ ನಿಲ್ಲಿಸಿಬಿಡ್ತಾರೆ, ಹಾಗಾದರೆ ನಾವು ಯಾವುದನ್ನು ಕೊಳ್ಳೋಣ?

ಹಾಸನದಲ್ಲಿರುವ ನನ್ನ ತಮ್ಮ ಕಾರು ಹುಡುಕಲು ಶುರು ಮಾಡಿ ಮೂರು ತಿಂಗಳಾಯಿತು. ವಾರಕ್ಕೊಂದು ಸಲ ಫೋನ್ ಮಾಡುತ್ತಾನೆ. "ಅಣ್ಣಾ, ಟರ್ಬೊ ತಗೊಳ್ಳಲಾ, ಸಾದಾ ಪೆಟ್ರೋಲೇ ಸಾಕಾ? ನಾನು ತಗೊಂಡ ಮೇಲೆ ಕಂಪನಿಯವರು ಆ ಎಂಜಿನ್ನೇ ನಿಲ್ಲಿಸಿಬಿಟ್ಟರೆ ಏನು ಗತಿ?"

ಟರ್ಬೊ ಅಂದರೆ ಎಂಜಿನ್ನಿನೊಳಕ್ಕೆ ಹೆಚ್ಚು ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ, ಅದಿಲ್ಲದ್ದು ಸಾದಾ ಎಂಜಿನ್. ಮುಂದೆ ಬರುವ 1.0, 1.2, 1.4 ಎಲ್ಲ ಎಂಜಿನ್ನಿನ ಗಾತ್ರ, ಲೀಟರಿನಲ್ಲಿ. ಅವನ ಭಯ ಸುಮ್ನೆ ಹುಟ್ಟಿದ್ದಲ್ಲ. ಜನ ಇಷ್ಟಪಟ್ಟು ಕೊಂಡ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್‌ಗಳು ನಮ್ಮಲ್ಲಿ ಒಂದಾದ ಮೇಲೊಂದು ಷೋರೂಂ ಬಿಟ್ಟು ಹೋಗಿವೆ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿಯ 1.2 ಟಿಎಸ್‌ಐ ಹೋಯಿತು (ಟಿಎಸ್‌ಐ, ಇಕೊಬೂಸ್ಟ್, ಬೂಸ್ಟರ್‌ಜೆಟ್ ಎಲ್ಲ ಕಂಪನಿಗಳು ತಮ್ಮ ಟರ್ಬೊಗೆ ಇಟ್ಟ ಹೆಸರು). ಇಕೊಸ್ಪೋರ್ಟ್‌ನ 1.0 ಇಕೊಬೂಸ್ಟ್, ಬಲೆನೊ ಆರ್‌ಎಸ್, ಟಿಯಾಗೊ ಜೆಟಿಪಿ ಹೋದವು. ಕ್ರೆಟಾ ಮತ್ತು ಸೆಲ್ಟೋಸ್‌ನಲ್ಲಿದ್ದ 1.4 ಟರ್ಬೊ ಹೋಯಿತು, ಜೀಪ್ ಕಂಪಾಸ್‌ನ 1.4 ಪೆಟ್ರೋಲ್ ಕೂಡ ಹೋಯಿತು. ಓಡಿಸಿದವರು ಇವನ್ನು ಇವತ್ತಿಗೂ ನೆನೆಸಿಕೊಳ್ಳುತ್ತಾರೆ.

ಇದೇ ಗೊಂದಲದಲ್ಲಿ ಇನ್ನೂ ಹಲವರು ಇದ್ದಾರೆ ಅಂತ ಗೊತ್ತು. ಅದಕ್ಕೇ ತಮ್ಮನಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಒಂದು ಎಂಜಿನ್ ನಿಂತುಹೋಯಿತು ಅಂದಮಾತ್ರಕ್ಕೆ ಅದು ಕೆಟ್ಟದ್ದು ಅಂತಲ್ಲ. ಯಾಕೆ ನಿಂತಿತು ಅನ್ನೋದನ್ನು ನೋಡಬೇಕು. ಆ ಕಾರಣ ಗೊತ್ತಾದರೆ ಕೊಳ್ಳಬೇಕೋ ಬಿಡಬೇಕೋ ಅನ್ನೋದರಲ್ಲಿ ಅರ್ಧ ತೀರ್ಮಾನ ಆದ ಹಾಗೆ.

ಮೊದಲು ಅಳತೆಗೋಲು

ಷೋರೂಂಗೆ ಹೋಗುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಕಾರು ಜಾಸ್ತಿ ಓಡುವುದು ಎಲ್ಲಿ, ಊರೊಳಗಿನ ಟ್ರಾಫಿಕ್‌ನಲ್ಲೋ, ಹೆದ್ದಾರಿ ಮತ್ತು ಘಾಟಿಯಲ್ಲೋ? ತೆರಿಗೆ ಎಲ್ಲ ಸೇರಿ ಕೈಯಿಂದ ಹೋಗುವ ದುಡ್ಡು ಎಷ್ಟು? ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಅಷ್ಟು ವರ್ಷ ನೋಡಿಕೊಳ್ಳುವ ಮೆಕ್ಯಾನಿಕ್ ನಿಮ್ಮೂರಲ್ಲಿ ಇದ್ದಾನಾ? ಕೊನೆಯದು, ಈ ಎಂಜಿನ್ ಆ ಒಂದೇ ಕಾರಿನಲ್ಲಿದೆಯಾ, ಬೇರೆ ಕಾರುಗಳಲ್ಲೂ ಇದೆಯಾ?

ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನನ್ನ ಪ್ರಕಾರ ಟರ್ಬೊ ವಿಷಯದಲ್ಲಿ ಅದೇ ದೊಡ್ಡದು.

ಯಾಕೆ ನಿಲ್ಲಿಸುತ್ತಾರೆ?

ಮೊದಲ ಕಾರಣ ಹೊಗೆ ನಿಯಮ. 2020ರ ಏಪ್ರಿಲ್ 1ಕ್ಕೆ ಬಿಎಸ್6 ಬಂತು. ಹೊಸ ನಿಯಮ ಬಂದಾಗ ಪ್ರತಿ ಎಂಜಿನ್ನನ್ನೂ, ಅದರ ಜೊತೆಗಿನ ಪ್ರತಿ ಗೇರ್‌ಬಾಕ್ಸನ್ನೂ ಮತ್ತೆ ಹೊಂದಿಸಿ ಪರೀಕ್ಷೆ ಮಾಡಿಸಬೇಕು. ತಿಂಗಳಿಗೆ ಇನ್ನೂರು ಕಾರು ಮಾರಿದರೂ ಆ ಖರ್ಚು ತಪ್ಪದು, ಹತ್ತು ಸಾವಿರ ಮಾರಿದರೂ ತಪ್ಪದು. ಹಾಗಾಗಿ ಕಡಿಮೆ ಮಾರಾಟದ ಕಾರುಗಳೇ ಮೊದಲು ಹೋದವು. ಬಲೆನೊ ಆರ್‌ಎಸ್ ಮತ್ತು ಟಿಯಾಗೊ ಜೆಟಿಪಿ ಆ ಹೊತ್ತಿನಲ್ಲೇ ಮುಗಿದವು. ಪೋಲೊದಲ್ಲಿ ನಾಲ್ಕು ಸಿಲಿಂಡರಿನ 1.2 ಹೋಗಿ ಮೂರು ಸಿಲಿಂಡರಿನ 1.0 ಟಿಎಸ್‌ಐ ಬಂತು.

2023ರ ಏಪ್ರಿಲ್ 1ಕ್ಕೆ ಬಿಎಸ್6ರ ಎರಡನೇ ಹಂತ ಬಂತು. ಟರ್ಬೊಗೆ ನಿಜವಾದ ಬಿಸಿ ತಟ್ಟಿದ್ದು ಆಗ. ಅದುವರೆಗೆ ಪರೀಕ್ಷೆ ಲ್ಯಾಬ್‌ನಲ್ಲಿ ರೋಲರ್ ಮೇಲೆ ನಡೆಯುತ್ತಿತ್ತು. ನಮ್ಮ ಭಾರತೀಯ ಪರೀಕ್ಷೆಯಲ್ಲಿ ವೇಗ ಗಂಟೆಗೆ 90 ಕಿಲೋಮೀಟರ್ ದಾಟುವುದಿಲ್ಲ, ಕಾಲು ಒತ್ತುವುದೂ ಮೆಲ್ಲಗೆ. ಅಲ್ಲಿ ಸಣ್ಣ ಟರ್ಬೊಗೆ ಹೆಚ್ಚು ಕೆಲಸವೇ ಇರುವುದಿಲ್ಲ. ಹಾಗಾಗಿ ಮೈಲೇಜ್ ಚೆನ್ನಾಗಿ ಕಾಣುತ್ತದೆ, ಹೊಗೆಯೂ ಕಡಿಮೆ. ಎರಡನೇ ಹಂತದಲ್ಲಿ ಕಾರಿಗೇ ಉಪಕರಣ ಕಟ್ಟಿ ರಸ್ತೆಯ ಮೇಲೆ ಓಡಿಸಿ ಅಳೆಯಲು ಶುರು ಮಾಡಿದರು.

ರಸ್ತೆಯಲ್ಲಿ ಕತೆ ಬೇರೆ. ಸಣ್ಣ ಎಂಜಿನ್ ದೊಡ್ಡ ಕಾರನ್ನು ಎಳೆಯುವಾಗ ಟರ್ಬೊ ಪೂರಾ ಕೆಲಸಕ್ಕೆ ಇಳಿಯುತ್ತದೆ. ಸೈಲೆನ್ಸರ್ ಕಡೆಗೆ ಹೋಗುವ ಗಾಳಿ ವಿಪರೀತ ಕಾಯುತ್ತದೆ. ಆ ಬಿಸಿಗೆ ಟರ್ಬೊ ಮತ್ತು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದು ಅಂತ ಎಂಜಿನ್ನಿನ ಕಂಪ್ಯೂಟರ್ ಬೇಕಾದದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಆ ಹೆಚ್ಚಿನ ಪೆಟ್ರೋಲ್ ಒಳಗೆ ತಂಪು ಮಾಡುತ್ತದೆ, ಆದರೆ ಹೊಗೆ ಹೆಚ್ಚುತ್ತದೆ, ಮೈಲೇಜ್ ಇಳಿಯುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಚಿಮ್ಮಿಸುವ ಎಂಜಿನ್‌ಗಳಲ್ಲಿ ಕಣ್ಣಿಗೆ ಕಾಣದ ಮಸಿಯ ಕಣಗಳೂ ಹುಟ್ಟುತ್ತವೆ. ಅವುಗಳ ಲೆಕ್ಕಕ್ಕೂ ಮಿತಿ ಇದೆ. ಮಿತಿಯೊಳಗೆ ತರಲು ಫಿಲ್ಟರ್ ಬೇಕಾಗಬಹುದು, ಫಿಲ್ಟರ್ ಅಂದರೆ ಮತ್ತೆ ದುಡ್ಡು.

ಯುರೋಪಿನಲ್ಲೂ ಆದದ್ದು ಇದೇ. ಎಂಜಿನ್ನನ್ನು ಸಣ್ಣದು ಮಾಡುತ್ತಲೇ ಹೋದರು, ಆಮೇಲೆ ಒಂದು ಹಂತದಲ್ಲಿ ನಿಂತರು. ಫೋಕ್ಸ್‌ವ್ಯಾಗನ್ 2017ರ ಹೊತ್ತಿಗೆ 1.4 ಬಿಟ್ಟು 1.5ಕ್ಕೆ ಬಂತು. ನಮ್ಮಲ್ಲಿ ಹ್ಯೂಂಡೈ 2023ರಲ್ಲಿ 140 ಪಿಎಸ್ (ಎಂಜಿನ್ ಶಕ್ತಿಯ ಅಳತೆ) ಕೊಡುವ 1.4 ಟರ್ಬೊ ಬಿಟ್ಟು, ವರ್ನಾದಲ್ಲಿ 160 ಪಿಎಸ್‌ನ 1.5 ಟರ್ಬೊ ತಂದಿತು. ಚಿಕ್ಕದನ್ನು ನಿಲ್ಲಿಸಿ ಕೊಂಚ ದೊಡ್ಡದು ತಂದರೆ ಅದರ ಮೇಲೆ ಒತ್ತಡ ಕಡಿಮೆ.

ಹಾಗಾದರೆ 1.0 ಮತ್ತು 1.2 ಟರ್ಬೊಗಳೂ ದೊಡ್ಡದಾಗಲಿಲ್ಲ ಯಾಕೆ? ಅದಕ್ಕೆ ಉತ್ತರ ತೆರಿಗೆ. 2006ರ ಬಜೆಟ್‌ನಿಂದಲೂ ನಮ್ಮಲ್ಲಿ ಸಣ್ಣ ಕಾರು ಅಂದರೆ 4 ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ (ಅಂದರೆ 1.2 ಲೀಟರ್) ಒಳಗಿನ ಎಂಜಿನ್. 2025ರ ಸೆಪ್ಟೆಂಬರ್ 22ರಿಂದ ಈ ಗೆರೆಯೊಳಗಿನ ಕಾರಿಗೆ ಜಿಎಸ್‌ಟಿ ಶೇ 18, ಹೊರಗಿನದಕ್ಕೆ ಶೇ 40. ಆ ಗೆರೆ ದಾಟದೆ ಶಕ್ತಿ ಬೇಕು ಅಂದರೆ ಟರ್ಬೊ ಬಿಟ್ಟು ಬೇರೆ ದಾರಿ ಕಡಿಮೆ. ಕ್ರೆಟಾ, ಸೆಲ್ಟೋಸ್‌ನಂಥ ಕಾರುಗಳು 4 ಮೀಟರ್ ದಾಟಿದ್ದರಿಂದ ಮೊದಲೇ ಗೆರೆಯ ಆಚೆ ಇದ್ದವು. 1.4 ಇದ್ದದ್ದು 1.5 ಆದರೆ ಅವಕ್ಕೆ ನಷ್ಟವಿರಲಿಲ್ಲ. ಹಾಗಾಗಿ ಬದಲಾದವು. ಅದೇ ಕಾರಣಕ್ಕೆ 4 ಮೀಟರ್ ಒಳಗಿನ 1.0, 1.2 ಟರ್ಬೊಗಳು ಅಷ್ಟು ಬೇಗ ಹೋಗುವುದಿಲ್ಲ ಅನ್ನೋದು ನನ್ನ ನಂಬಿಕೆ.

ಇನ್ನು ಕೆಲವು ಸಲ ಎಂಜಿನ್ ಉಳಿಯುತ್ತದೆ, ಒಂದು ಕಾರಿನಿಂದ ಮಾತ್ರ ತೆಗೆಯುತ್ತಾರೆ. ಗ್ರ್ಯಾಂಡ್ ಐ10 ನಿಯೋಸ್ ಮತ್ತು ಆರಾದಲ್ಲಿ 100 ಪಿಎಸ್‌ನ 1.0 ಟರ್ಬೊ ಇತ್ತು. 2023ರ ಹೊಸ ರೂಪದಲ್ಲಿ ಅದು ಇರಲಿಲ್ಲ. ಆದರೆ ಅದೇ ಎಂಜಿನ್ ವೆನ್ಯೂದಲ್ಲಿ ಮುಂದುವರಿಯಿತು. ಕೆಲವು ಸಲ ಕಂಪನಿಯೇ ಹೊರಡುತ್ತದೆ. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು.

ಕಡೆಗೆ, ನಿಜವಾದ ದೋಷ. ಫೋರ್ಡ್‌ನ ಇಕೊಬೂಸ್ಟ್ 1.0 ಎಂಜಿನ್ 2012, 2013, 2014ರಲ್ಲಿ ಸತತ ಮೂರು ವರ್ಷ ಅಂತರರಾಷ್ಟ್ರೀಯ 'ವರ್ಷದ ಎಂಜಿನ್' ಪ್ರಶಸ್ತಿ ಗೆದ್ದಿತು. ಅದರ ಬ್ಲಾಕ್ ಒಂದು ಎ4 ಹಾಳೆಯ ಮೇಲೆ ಕೂರುವಷ್ಟು ಚಿಕ್ಕದು. ಆದರೆ ಅದರಲ್ಲಿ ವಾಲ್ವ್‌ಗಳನ್ನು ಸಮಯಕ್ಕೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಎಂಜಿನ್ ಆಯಿಲ್‌ನಲ್ಲೇ ನೆನೆಯುತ್ತಾ ತಿರುಗುತ್ತದೆ. ತಪ್ಪು ಆಯಿಲ್ ಹಾಕಿದರೆ, ಸಮಯಕ್ಕೆ ಬದಲಿಸದಿದ್ದರೆ ಬೆಲ್ಟ್ ಸವೆದು ಚೂರಾಗುತ್ತದೆ. ಆ ಚೂರು ಆಯಿಲ್ ದಾರಿಗೆ ಅಡ್ಡ ಕೂತರೆ ಎಂಜಿನ್ನೇ ಹೋಗುತ್ತದೆ. ಇದೇ ಎಂಜಿನ್ನಿನ ಆಯಿಲ್ ಪಂಪ್ ಬೆಲ್ಟ್ ತೊಂದರೆಗೆ 2023ರ ಕೊನೆಯಲ್ಲಿ ಅಮೆರಿಕದಲ್ಲಿ ಇಕೊಸ್ಪೋರ್ಟ್ ಮತ್ತು ಫೋಕಸ್ ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ಪ್ರಶಸ್ತಿ ನೋಡಿ ಕಾರು ಕೊಳ್ಳಬಾರದು ಅಂತ ನಾನು ಕಲಿತದ್ದು ಇದರಿಂದಲೇ.

ಈಗ ಸಿಗುತ್ತಿರುವ ಸಣ್ಣ ಟರ್ಬೊ

ಘಾಟಿ, ಹೆದ್ದಾರಿ ಜಾಸ್ತಿ ಇರುವವರಿಗೆ ಇದು ನಿಜಕ್ಕೂ ಸುಖ. ಒಂದೇ ಕಾರಿನಲ್ಲಿ ಎರಡೂ ಬಗೆಯ ಎಂಜಿನ್ ಸಿಗುವ ಮಾರುತಿ ಫ್ರಾಂಕ್ಸ್ ಉದಾಹರಣೆಗೆ ತಗೊಳ್ಳಿ. ಅದರ 1.2 ಸಾದಾ ಎಂಜಿನ್ 113 ನ್ಯೂಟನ್ ಮೀಟರ್ ಎಳೆತ ಕೊಡುವುದು 4400 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 4400 ಸುತ್ತು ತಿರುಗುವಾಗ. 1.0 ಬೂಸ್ಟರ್‌ಜೆಟ್ 147.6 ಕೊಡುತ್ತದೆ, ಅದೂ 2000ದಿಂದಲೇ. ಶಿರಾಡಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡು, ಅದನ್ನು ದಾಟಲು ಸಿಗುವ ಚಿಕ್ಕ ಅವಕಾಶದಲ್ಲಿ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಸಾದಾ ಎಂಜಿನ್ನಿನಲ್ಲಿ ಎರಡು ಗೇರ್ ಇಳಿಸಿ ಕಿರುಚಿಸಬೇಕು. ಟರ್ಬೊದಲ್ಲಿ ಇದ್ದ ಗೇರಿನಲ್ಲೇ ಒತ್ತಿದರೆ ಸಾಕಾಗುತ್ತದೆ.

ನಮ್ಮ ರಾಜ್ಯಕ್ಕೆ ಸಂಬಂಧಪಟ್ಟ ಇನ್ನೊಂದು ಮಾತು. ಬೆಂಗಳೂರು, ಹಾಸನ ಎರಡೂ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ ಇವೆ. ಮಡಿಕೇರಿ ಇನ್ನೂ ಎತ್ತರ. ಅಲ್ಲಿ ಗಾಳಿ ತೆಳು. ಸಾದಾ ಎಂಜಿನ್ ತನ್ನ ಶಕ್ತಿಯಲ್ಲಿ ಹತ್ತಿರ ಹತ್ತರಲ್ಲಿ ಒಂದು ಪಾಲು ಕಳೆದುಕೊಳ್ಳುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಆ ನಷ್ಟವನ್ನು ಬಹುಪಾಲು ತುಂಬಿಕೊಳ್ಳುತ್ತದೆ.

ತೊಂದರೆ ಊರೊಳಗೆ. ಸಿಲ್ಕ್ ಬೋರ್ಡ್ ಕಡೆ ದಿನಾ ಒಂದು ಗಂಟೆ ಒಂದನೇ, ಎರಡನೇ ಗೇರಿನಲ್ಲಿ ತೆವಳುವವರಿಗೆ ಟರ್ಬೊ ಪ್ರಯೋಜನಕ್ಕೆ ಬರುವ ಹೊತ್ತೇ ಬರುವುದಿಲ್ಲ. ಕಡಿಮೆ ಆರ್‌ಪಿಎಂನಲ್ಲಿ ಸಣ್ಣ ಎಂಜಿನ್ ಸಣ್ಣ ಎಂಜಿನ್ನೇ. ಪಿಕಪ್ ಸಿಗಲಿ ಅಂತ ಒತ್ತಿದರೆ ಮೈಲೇಜ್ ಬೀಳುತ್ತದೆ.

ದುಡ್ಡಿನ ಲೆಕ್ಕವನ್ನೂ ಮಾಡಿ. ಕರ್ನಾಟಕದಲ್ಲಿ ಜೀವಿತಾವಧಿ ರಸ್ತೆ ತೆರಿಗೆ 5ರಿಂದ 10 ಲಕ್ಷದ ಕಾರಿಗೆ ಶೇ 14, 10 ಲಕ್ಷ ದಾಟಿದರೆ ಶೇ 17, ಅದರ ಮೇಲೆ ಸೆಸ್ ಬೇರೆ. ಸೆಸ್ ಬಿಟ್ಟು 9.9 ಲಕ್ಷದ ಕಾರಿಗೆ ಸುಮಾರು 1.39 ಲಕ್ಷ ಆದರೆ 10.2 ಲಕ್ಷದ ಕಾರಿಗೆ 1.73 ಲಕ್ಷ. ಷೋರೂಂ ಬೆಲೆಯಲ್ಲಿ 30 ಸಾವಿರದ ವ್ಯತ್ಯಾಸ ರಸ್ತೆಗೆ ಬರುವಾಗ 64 ಸಾವಿರ ಆಗಿರುತ್ತದೆ. ಟರ್ಬೊ ಮಾದರಿಗಳು ಈ 10 ಲಕ್ಷದ ಗೆರೆಯ ಆಸುಪಾಸಿನಲ್ಲೇ ಇರುವುದು ಜಾಸ್ತಿ. ಸನ್‌ರೂಫ್ ಬಿಟ್ಟು ಒಂದು ಮೆಟ್ಟಿಲು ಕೆಳಗಿನ ಮಾದರಿ ತಗೊಂಡರೆ ಟರ್ಬೊವೂ ಸಿಗುತ್ತದೆ, ತೆರಿಗೆಯೂ ಉಳಿಯುತ್ತದೆ ಅನ್ನುವ ಸಂದರ್ಭಗಳಿವೆ. ಕೇಳಿ ನೋಡಿ.

ಟರ್ಬೊಗಳಲ್ಲೇ ಯಾವುದು ಅಂದರೆ, ಎಂಜಿನ್ ಎಷ್ಟು ಕಾರಿನಲ್ಲಿದೆ ಅಂತ ಎಣಿಸಿ. ಫೋಕ್ಸ್‌ವ್ಯಾಗನ್ 1.0 ಟಿಎಸ್‌ಐ ಕುಶಾಕ್, ಸ್ಲಾವಿಯಾ, ಟೈಗುನ್, ವರ್ಟಸ್, ಕೈಲಾಕ್ ಅಂತ ಐದು ಕಾರಿಗೆ ಹೋಗಿದೆ. ಹ್ಯೂಂಡೈನ 1.0 ಕಿಯಾ ಸೋನೆಟ್‌ನಲ್ಲೂ ಇದೆ. ಬೂಸ್ಟರ್‌ಜೆಟ್ ಟೊಯೋಟಾ ಟೈಸರ್‌ಗೂ ಬಂದಿದೆ. ಇಷ್ಟು ಕಾರುಗಳಿಗೆ ಹೋದ ಎಂಜಿನ್ ನಾಳೆ ನಿಂತರೂ ಬಿಡಿಭಾಗ ತಕ್ಷಣ ಬತ್ತಿಹೋಗುವುದಿಲ್ಲ.

ಹತ್ತು ವರ್ಷ ಇಟ್ಟುಕೊಳ್ಳುವವರು ಪೆಟ್ರೋಲ್ ಎಲ್ಲಿ ಚಿಮ್ಮುತ್ತದೆ ಅಂತಲೂ ಕೇಳಬೇಕು. ನೇರ ಸಿಲಿಂಡರ್ ಒಳಗೆ ಚಿಮ್ಮುವ ಎಂಜಿನ್‌ಗಳಲ್ಲಿ ಕಾಲಕ್ರಮೇಣ ಗಾಳಿ ಒಳಗೆ ಬಿಡುವ ವಾಲ್ವ್ ಮೇಲೆ ಮಸಿ ಕೂರುತ್ತದೆ, ಯಾಕೆಂದರೆ ಪೆಟ್ರೋಲ್ ಅದನ್ನು ತೊಳೆಯುವುದಿಲ್ಲ. ನೆಕ್ಸಾನ್‌ನ 1.2 ಟರ್ಬೊ ಹಳೆಯ ರೀತಿಯಲ್ಲಿ ವಾಲ್ವ್ ಹೊರಗೇ ಚಿಮ್ಮಿಸುತ್ತದೆ. ಎಕ್ಸ್‌ಯುವಿ 3ಎಕ್ಸ್‌ಒದಲ್ಲಿ ಎರಡೂ ಬಗೆ ಇವೆ. 111 ಪಿಎಸ್‌ನದು ಹಳೆಯ ರೀತಿ, 130 ಪಿಎಸ್‌ನದು ನೇರ. ಶಕ್ತಿ ಮುಖ್ಯ ಅಂದರೆ ಎರಡನೆಯದು. ಸಣ್ಣ ಊರಿನಲ್ಲಿದ್ದು ದೀರ್ಘ ಕಾಲ ಇಟ್ಟುಕೊಳ್ಳುತ್ತೀರಿ ಅಂದರೆ ಮೊದಲನೆಯದು ಸಾಕು ಅನ್ನುತ್ತೇನೆ.

ಸಾದಾ ಪೆಟ್ರೋಲ್

ದಿನಕ್ಕೆ 10-15 ಕಿಲೋಮೀಟರ್ ಊರೊಳಗೆ ಓಡಿಸಿ ವರ್ಷಕ್ಕೆರಡು ಸಲ ದೂರ ಹೋಗುವವರಿಗೆ ಇದೇ ಸರಿ. ಬೆಲೆ ಕಡಿಮೆ, ಬಿಸಿ ಕಡಿಮೆ, ಆಯಿಲ್ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ಅರಸೀಕೆರೆಯಲ್ಲಿ ನಿಂತರೂ ರಿಪೇರಿ ಮಾಡುವವರು ಸಿಗುತ್ತಾರೆ. ಸಿಎನ್‌ಜಿ ಬೇಕಾದರೂ ಕಂಪನಿಯಿಂದ ಬರುವುದು ಹೆಚ್ಚಾಗಿ ಸಾದಾ ಎಂಜಿನ್ನಿಗೇ. ಹೋಂಡಾ ಥಾಯ್ಲೆಂಡ್‌ನಲ್ಲಿ ಸಿಟಿ ಕಾರಿಗೆ 1.0 ಟರ್ಬೊ ಹಾಕಿ ಮಾರಿತು, ನಮಗೆ ಮಾತ್ರ 121 ಪಿಎಸ್‌ನ 1.5 ಸಾದಾ ಎಂಜಿನ್ ಕೊಟ್ಟಿತು. ನೆಮ್ಮದಿಯಾಗಿ ಓಡಿಸುವವರಿಗೆ ಅದೇನೂ ಕಡಿಮೆ ಅಲ್ಲ.

ಕೊರತೆ ಒಂದೇ. ಐದು ಜನ, ಲಗೇಜು, ಎಸಿ, ಚಾರ್ಮಾಡಿ ಏರು. ಆಗ 1.2 ಸಾದಾ ಎಂಜಿನ್ ಏದುಸಿರು ಬಿಡುತ್ತದೆ.

ಸ್ಟ್ರಾಂಗ್ ಹೈಬ್ರಿಡ್

ಬಜೆಟ್ 20 ಲಕ್ಷದ ಹತ್ತಿರ ಇದ್ದು, ಓಡಾಟವೆಲ್ಲ ಬೆಂಗಳೂರು ಟ್ರಾಫಿಕ್‌ನಲ್ಲೇ ಅಂದರೆ ಟರ್ಬೊ ಮರೆತು ಇದನ್ನು ನೋಡಿ. ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟರ್ ಇರುವ ಕಾರು ಇದು. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈರೈಡರ್, ಅದರ ಜೋಡಿ ಮಾರುತಿ ಗ್ರ್ಯಾಂಡ್ ವಿಟಾರಾ 2022ರಲ್ಲಿ ಬಂದವು. ಕಂಪನಿ ಹೇಳುವ ಮೈಲೇಜ್ ಲೀಟರಿಗೆ 27.97 ಕಿಲೋಮೀಟರ್. ಕಾರು ತೆವಳುವಾಗ ಮೋಟರ್ ಎಳೆಯುತ್ತದೆ, ಬ್ರೇಕ್ ಒತ್ತಿದಾಗ ಬ್ಯಾಟರಿ ತುಂಬಿಕೊಳ್ಳುತ್ತದೆ. ಟರ್ಬೊಗೆ ಕಷ್ಟವಾದ ಜಾಗವೇ ಇದಕ್ಕೆ ಅನುಕೂಲ. ಒಟ್ಟು ಶಕ್ತಿ 116 ಪಿಎಸ್ ಅಷ್ಟೇ, ಹೆದ್ದಾರಿಯಲ್ಲಿ ಹುಮ್ಮಸ್ಸು ನಿರೀಕ್ಷಿಸಬೇಡಿ. ವರ್ಷಕ್ಕೆ 8 ಸಾವಿರ ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಕೊಟ್ಟ ಹೆಚ್ಚಿನ ಬೆಲೆ ಪೆಟ್ರೋಲಿನಲ್ಲಿ ವಾಪಸ್ ಬರಲು ಬಹಳ ವರ್ಷ ಬೇಕು.

ನಿಂತುಹೋದ ಟರ್ಬೊ, ಸೆಕೆಂಡ್ ಹ್ಯಾಂಡ್

ಆಸೆ ಜಾಸ್ತಿ ಇರುವುದು ಇಲ್ಲೇ, ಅಲ್ವಾ? ನಾನೂ ಅದೇ ಆಸೆಗೆ ಒಂದು ಕಾರು ಕೊಂಡಿದ್ದೆ. ಕಂಪನಿ ಹೆಸರು ಬೇಡ. ಓಡಿಸಲು ಬಹಳ ಚೆನ್ನಾಗಿತ್ತು. ಒಂದು ದಿನ ಟರ್ಬೊಗೆ ಹೋಗುವ ಒಂದು ಪೈಪ್ ಸೀಳಿತು. ಅಂಗೈಯಗಲದ ಭಾಗ. ಅದು ಬರಲು 26 ದಿನ ಕಾದೆ. ಕಾರು ವರ್ಕ್‌ಶಾಪ್‌ನಲ್ಲಿ, ನಾನು ಬಸ್ಸಿನಲ್ಲಿ. ಆ ಎಂಜಿನ್ ಬೇರೆ ಯಾವ ಕಾರಿನಲ್ಲೂ ಇರಲಿಲ್ಲ. ಆಗಲೇ ಎಂಜಿನ್ ಎಷ್ಟು ಕಾರಿನಲ್ಲಿದೆ ಅಂತ ಎಣಿಸುವ ಅಭ್ಯಾಸ ಬಂದದ್ದು.

ಹಾಗಾಗಿ ಇಲ್ಲಿ ನಿಂತ ಕಾರಣವೇ ದಾರಿ ತೋರಿಸುತ್ತದೆ. ಒಂದು ಕಾರಿನಿಂದ ತೆಗೆದು ಬೇರೆಯದರಲ್ಲಿ ಉಳಿಸಿಕೊಂಡ ಎಂಜಿನ್ ಆದರೆ ಧೈರ್ಯವಾಗಿ ನೋಡಿ. ನಿಯೋಸ್ ಟರ್ಬೊ ಅಂಥದ್ದು. ಪೋಲೊ 1.0 ಟಿಎಸ್‌ಐ ಕೂಡ ಪರವಾಗಿಲ್ಲ. 2022ರಲ್ಲಿ ನಿಂತದ್ದು ಪೋಲೊ, ಎಂಜಿನ್ ಅಲ್ಲ. ಬಲೆನೊ ಆರ್‌ಎಸ್‌ನ ಬಾಡಿ ಭಾಗಗಳು ಸಾಮಾನ್ಯ ಬಲೆನೊದವು, ಎಂಜಿನ್ ಬೂಸ್ಟರ್‌ಜೆಟ್ ಮನೆತನದ್ದು. ಅದೂ ತಕ್ಕಮಟ್ಟಿಗೆ ಸುರಕ್ಷಿತ.

ಪೋಲೊ 1.2 ಟಿಎಸ್‌ಐ ಬಗ್ಗೆ ಎರಡು ಮನಸ್ಸು ನನಗೆ. ಅದರ ಜೊತೆ ಬಂದ ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕ್ಲಚ್ ಒಣ ಬಗೆಯದು. ಟ್ರಾಫಿಕ್‌ನಲ್ಲಿ ತೆವಳಿಸಿದಷ್ಟೂ ಸವೆಯುತ್ತದೆ, ರಿಪೇರಿ ದುಬಾರಿ. ಬೆಂಗಳೂರಿನಲ್ಲಿ ಲಕ್ಷ ಕಿಲೋಮೀಟರ್ ಓಡಿದ್ದಕ್ಕಿಂತ ಹೆದ್ದಾರಿಯಲ್ಲಿ ಓಡಿದ್ದು ಮೇಲು. ಕ್ರೆಟಾ 1.4 ಟರ್ಬೊ ಸಂಖ್ಯೆಯಲ್ಲಿ ಸಾಕಷ್ಟು ಮಾರಿದೆ, ಕಂಪನಿಯೂ ಇಲ್ಲೇ ಇದೆ, ಹಾಗಾಗಿ ಭಯ ಕಡಿಮೆ. ಜೆಟಿಪಿ ಕಾರುಗಳಿಗೆ ಮಾತ್ರ ವಿಶೇಷವಾಗಿ ಮಾಡಿದ ಭಾಗಗಳಿವೆ. ಎರಡನೇ ಕಾರಾಗಿ, ಪ್ರೀತಿಗೆ ಇಟ್ಟುಕೊಳ್ಳಬಹುದು. ಮನೆಗಿರುವ ಒಂದೇ ಕಾರು ಅದಾಗಬಾರದು. ಇಕೊಬೂಸ್ಟ್‌ಗೆ ದೋಷವೂ ಸೇರಿದೆ, ತಯಾರಿಕೆಯೂ ನಿಂತಿದೆ. ಸರಿಯಾದ ಆಯಿಲ್ ಹಾಕಿದ ಬಿಲ್ಲುಗಳು ಪೂರ್ತಿ ಇಲ್ಲದಿದ್ದರೆ ಮುಟ್ಟಬೇಡಿ.

ಯಾವುದೇ ಹಳೆ ಟರ್ಬೊ ನೋಡಲು ಹೋಗುವಾಗ ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿರಬೇಡಿ ಅಂತ ಮಾಲೀಕರಿಗೆ ಹೇಳಿ. ಸ್ಟಾರ್ಟ್ ಆದ ಕೂಡಲೇ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ ಅರ್ಥ. ಸರ್ವಿಸ್ ಪುಸ್ತಕದಲ್ಲಿ ಆಯಿಲ್ ಬದಲಾಯಿಸಿದ ತಾರೀಖುಗಳ ನಡುವಿನ ಅಂತರ ನೋಡಿ. ಟ್ಯಾಂಕ್ ಮುಚ್ಚಳದ ಹತ್ತಿರ ಅಥವಾ ಕೈಪಿಡಿಯಲ್ಲಿ ಇ10 ಅಂತ ಇದೆಯೋ ಇ20 ಅಂತ ಇದೆಯೋ ಓದಿ. ಇವತ್ತು ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. 2023ರ ಏಪ್ರಿಲ್‌ಗೆ ಮೊದಲಿನ ಹಲವು ಕಾರುಗಳು ಅದಕ್ಕೆ ತಯಾರಾದವಲ್ಲ.

ತಮ್ಮನ ಲೆಕ್ಕ

ಅವನಿಗೆ ಆಫೀಸು ಮನೆಯಿಂದ 6 ಕಿಲೋಮೀಟರ್. ಅಷ್ಟಕ್ಕೆ ಸಾದಾ ಎಂಜಿನ್ ಸಾಕು. ಆದರೆ ಹೆಂಡತಿಯ ತವರು ಮಂಗಳೂರು. ತಿಂಗಳಿಗೆ ಎರಡು ಸಲ ಇಬ್ಬರು ಮಕ್ಕಳು, ಅಮ್ಮ, ಲಗೇಜು ಎಲ್ಲ ಹಾಕಿಕೊಂಡು ಶಿರಾಡಿ ಇಳಿದು ಹತ್ತಬೇಕು. ಕಾರು ಕನಿಷ್ಠ ಎಂಟು ವರ್ಷ ಇರಬೇಕು, ಷೋರೂಂ ಬೆಲೆ 10 ಲಕ್ಷ ದಾಟಬಾರದು. ಮನೆಗೆ ಒಂದೇ ಕಾರು ಆದ್ದರಿಂದ ನಿಂತುಹೋದ ಮಾದರಿ ಬೇಡ ಅಂದೆ. ಹೈಬ್ರಿಡ್ ಬಜೆಟ್‌ನಲ್ಲಿ ಇಲ್ಲ. ಉಳಿದದ್ದು 4 ಮೀಟರ್ ಒಳಗಿನ, ಎರಡು ಮೂರು ಕಾರುಗಳಲ್ಲಿ ಹಂಚಿಕೊಂಡ ಎಂಜಿನ್ನಿನ ಟರ್ಬೊ, ಮ್ಯಾನ್ಯುಯಲ್ ಗೇರ್. ಇಲ್ಲದಿದ್ದರೆ ಅದೇ ಕಾರಿನ ಸಾದಾ ಎಂಜಿನ್.

ಈ ಭಾನುವಾರ ಎರಡನ್ನೂ ಟೆಸ್ಟ್ ಡ್ರೈವ್‌ಗೆ ಕೇಳಿದ್ದಾನೆ. ಒಬ್ಬನೇ ಹೋಗಬೇಡ, ಎಲ್ಲರನ್ನೂ ಕೂರಿಸಿಕೊಂಡು ಹೋಗು ಅಂದಿದ್ದೇನೆ. ಎಸಿ ಹಾಕು, ಏರು ಇರುವ ರಸ್ತೆ ಹುಡುಕು, ಮೂರನೇ ಗೇರಿನಲ್ಲಿ 1500 ಆರ್‌ಪಿಎಂಗೆ ಇಳಿಸಿ ಅಲ್ಲಿಂದ ಮೆಲ್ಲಗೆ ಒತ್ತು. ಗೇರ್ ಬದಲಿಸದೆ ಯಾವುದು ಅಮ್ಮನಿಗೆ ಗೊತ್ತಾಗದ ಹಾಗೆ ಏರಿ ಹೋಗುತ್ತದೋ ನೋಡು, ಆಮೇಲೆ ಫೋನ್ ಮಾಡು ಅಂದೆ.